ಎಡಗಡೆಯ ಹಿಂದಿನ ಕಿಸೆ

ಕೌಲ್ ಬಜಾರಿನ ಶಾಲೆಗೆ ಮೊದಲ ದಿನ
ಎರಡು ಮೂಟೆ ಚಿಂದಿ ಹೊತ್ತು ಹೋದೆ.
ಗೇಟಿನಲ್ಲಿ ಎರ್ರಿಸ್ವಾಮಿ ತಡೆದ:
"ಗುಜರಿಗೆ ಇವತ್ತೇನಿಲ್ಲ, ಶುಕ್ರವಾರ ಬಾರಮ್ಮ."
ಕಲಾವಿದೆ ಅಂದೆ. ಮೂಟೆ ನೋಡಿದ, ನನ್ನ ನೋಡಿದ.
ಒಳಗೇನೋ ಬಿಟ್ಟ,
ನಂಬಲಿಲ್ಲ.

ಆರನೇ ತರಗತಿ, ನಲವತ್ತೊಂದು ಮಕ್ಕಳು, ಒಂದು ಫ್ಯಾನು.
ಕಿಟಕಿಯ ತುಂಬ ಕೂತ ಬೆಟ್ಟ
ಬೆಳಿಗ್ಗೆ ಹತ್ತಕ್ಕೇ ಬಿಸಿ ಉಗುಳುತ್ತಿತ್ತು.
ಮೂಟೆ ಬಿಚ್ಚಿದೆ: ಜೀನ್ಸಿನ ಅಂಚು, ಮೊಣಕಾಲ ತುಂಡು,
ಬಣ್ಣ ಸರಿಯಾಗಿ ಕಚ್ಚದ ಸೊಂಟಪಟ್ಟಿ.
ಬಟ್ಟೆಗೂ ನೆನಪಿರುತ್ತದೆ ಮಕ್ಕಳೇ,
ಎಂಬ ಮಾತನ್ನು ತಿಂಗಳಿಂದ ಮಡಿಸಿಟ್ಟುಕೊಂಡಿದ್ದೆ.
ಬಾಯಿಗೆ ಬರುವ ಮೊದಲೇ
ಗಾದಿಲಿಂಗ ಒಂದು ತುಂಡು ಮೂಸಿದ:
"ಇದು ರಫೀಕಣ್ಣನ ಯೂನಿಟ್ಟಿಂದು ಮಿಸ್.
ಕಲ್ಲು ಹಾಕಿ ತೊಳದಾರೆ. ವಾಸನೆ ಐತೆ, ನೋಡ್ರಿ."

ಅಲ್ಲಿಂದ ಪಾಠ ನನಗೆ.
ಯಾವುದು ಓವರ್‌ಲಾಕು, ಯಾವುದು ಜೋಡಿ ಸೂಜಿ,
ಡಜನ್ನಿಗೆ ಎಷ್ಟು, ಹಬ್ಬದ ಮುಂದೆ ಎಷ್ಟು,
ಕೈಗೆ ಹತ್ತಿದ ನೀಲಿ ಹೋಗಲು
ನಿಂಬೆಹಣ್ಣೋ ಸೀಮೆಎಣ್ಣೆಯೋ
(ಎರಡು ಪಂಗಡ, ಬೆಲ್ಲು ಹೊಡೆಯುವ ತನಕ ಜಗಳ).

ಎರಡನೇ ವಾರ ಕೇಳಿದೆ, ಏನು ಮಾಡೋಣ ಇದರಲ್ಲಿ?
ಕೇಳಿದ್ದು ಸುಳ್ಳು; ನಕ್ಷೆ ಚೀಲದಲ್ಲೇ ಇತ್ತು,
ದೊಡ್ಡ ಕೌದಿ, ನಡುವೆ ಸೂರ್ಯ, ಸುತ್ತ ಹಕ್ಕಿ.
ಮಾಬುನ್ನಿ ಎದ್ದಳು,
ಲಂಗದ ಎರಡೂ ಬದಿ ಪಟಪಟ ತಟ್ಟಿ ತೋರಿಸಿದಳು:
"ಹುಡುಗರ ಚಡ್ಡಿಗೆ ಎರಡು ಕಿಸೆ. ನಮಗೆ ಒಂದೂ ಇಲ್ಲ.
ಬಳಪ ಎಲ್ಲಿ ಇಕ್ಕಬೇಕ್ರಿ?"

ಹಕ್ಕಿ ಹಾರಿಹೋದವು.

ಹೆಡ್‌ಮಾಸ್ತರು ಸುತ್ತೋಲೆಗಳ ಕಡತ ತಿರುವಿ
ಕಿಸೆ ಇರಬೇಕೆಂದೂ ಇಲ್ಲ, ಇರಬಾರದೆಂದೂ ಇಲ್ಲ,
ಹೊಲಿಯಿರಿ, ಫೋಟೋ ಮಾತ್ರ ಬೇಡ, ಅಂದರು.

ಶನಿವಾರ ತಾಯಂದಿರು ಬಂದರು,
ಒಂದು ಹೊತ್ತಿನ ಪೀಸು ಬಿಟ್ಟು,
ಒಗ್ಗರಣೆ-ಮಿರ್ಚಿ ಪೊಟ್ಟಣ ತಾವೇ ಕಟ್ಟಿಸಿಕೊಂಡು.
ಮಾಬುನ್ನಿಯ ತಾಯಿ ಹೊನ್ನೂರಬಿ
ಗೆರೆ ಎಳೆಯಲಿಲ್ಲ, ಅಳತೆ ಹಿಡಿಯಲಿಲ್ಲ,
ಮೂಲೆ ಮಡಿಸಿ ಹೆಬ್ಬೆರಳ ಉಗುರಲ್ಲಿ ತೀಡಿ
ಒಂದರ ಹಿಂದೊಂದು ಕಿಸೆ ಇಳಿಸಿದಳು.
ನಾನು ಕಲಿತ ಐದು ವರ್ಷ
ಗೋಡೆಗೊರಗಿ ಬಾಯಿ ಮುಚ್ಚಿ ನೋಡುತ್ತಿತ್ತು.
ಹತ್ತೊಂಬತ್ತು ಲಂಗ, ಹತ್ತೊಂಬತ್ತು ಕಿಸೆ.
ಇನ್ನು ಬಲಗಡೆಗೆ, ಅಂದೆ.

ಅವಳ ಕೈ ನಿಂತಿತು.
"ನಂದು ಎಡಗಡೆ ಹಿಂದಿಂದು ಅಷ್ಟೇ ಅಕ್ಕ.
ಹನ್ನೆರಡು ವರ್ಷ ಆತು. ಬಲಗಡೆ ಎರ್ರೆಮ್ಮಂದು.
ಎರ್ರೆಮ್ಮ ಇವತ್ತು ಬಂದಿಲ್ಲ."

ದಿನಕ್ಕಿಷ್ಟು, ವರ್ಷಕ್ಕಿಷ್ಟು, ಇಂಟು ಹನ್ನೆರಡು:
ಗಾದಿಲಿಂಗ ಬೋರ್ಡಿನ ಮೇಲೆ ಗುಣಿಸುತ್ತ ಹೋದ,
ಸೊನ್ನೆಗಳು ಗೋಡೆಗೆ ಹತ್ತಿದವು.
ಪೂರ್ತಿ ಪ್ಯಾಂಟು? ಕೇಳಿಬಿಟ್ಟೆ.
"ನೋಡೀನಲ್ಲ," ಅಂದಳು ನಕ್ಕು,
"ಜನ ಹಾಕ್ಕೊಂಡು ಹೋಗೋವಾಗ. ಹಿಂದಿಂದ."

ಮಾಬುನ್ನಿ ಆ ಮಧ್ಯಾಹ್ನ ಯಾರ ಮಾತೂ ಕೇಳಲಿಲ್ಲ.
ಬಾಯಲ್ಲಿ ದಾರ ಕಡಿದು, ಬೆರಳು ಎರಡು ಸಲ ಚುಚ್ಚಿಕೊಂಡು
ಸೊಂಟಪಟ್ಟಿಯ ತುಂಡಿಗೆ ಒಂದು ಕಿಸೆ ಹೊಲಿದಳು,
ಸೀರೆಯೊಳಗೆ ಕಟ್ಟಿಕೊಳ್ಳುವಂಥದು, ತಾಯಿಗೆ.
ಒಂದು ಕಡೆ ಇಳಿದಿತ್ತು, ಬಾಯಿ ಸೊಟ್ಟ.
ಹೊನ್ನೂರಬಿ ಬೆಳಕಿಗೆ ಹಿಡಿದು,
ತಿರುಗಿಸಿ, ಎಳೆದು, ಹೊಲಿಗೆ ಎಣಿಸಿ,
"ಚೆಕಿಂಗಲ್ಲಿ ರಿಜೆಕ್ಟು" ಅಂದಳು.
ಸೆರಗಿನ ಗಂಟು ಬಿಚ್ಚಿ
ಇಪ್ಪತ್ತರ ನೋಟು, ಬೀಗದ ಕೈ, ಒಂದು ಅಡಿಕೆ
ಒಂದೊಂದಾಗಿ ಒಳಗಿಳಿಸಿದಳು.
ಕೈ ಅಲ್ಲೇ ಇತ್ತು ಬಹಳ ಹೊತ್ತು.

ವರದಿಯಲ್ಲಿ ಫಲಿತಾಂಶ ಎಂಬ ಕಡೆ ಬರೆದೆ:
ಕಿಸೆ ಇಪ್ಪತ್ತು. ಎಲ್ಲ ಎಡಕ್ಕೆ.
ವಿವರಣೆ ಕೇಳಿ ಕಾಗದ ಬಂದಿದೆ. ಉತ್ತರಿಸಬೇಕು.

ಈಗ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ
ಕಣ್ಣು ಗಂಡಸರ ಬೆನ್ನ ಕೆಳಗೇ ಹೋಗುತ್ತದೆ.
ಮೊನ್ನೆ ಸಿಂಧನೂರಿನಲ್ಲಿ ಒಬ್ಬ ಥಟ್ಟನೆ ತಿರುಗಿದ,
ಕಳ್ಳಿ ಅಂದುಕೊಂಡ,
ಪರ್ಸು ಇದೆಯೋ ಎಂದು ಮುಟ್ಟಿ ನೋಡಿಕೊಂಡ,
ಯಾರೋ ಹೆಬ್ಬೆರಳ ಉಗುರಲ್ಲಿ ತೀಡಿದ
ಮೂಲೆಯ ಮೇಲೇ ಇತ್ತು
ಅವನ ಕೈ.