ಮೂರು ಕೂಗು

ಜಡ್ಜು ರಜೆ ಅಂತ ಗೊತ್ತಾಗುವಷ್ಟರಲ್ಲಿ
ಜವಾನ ಮೂರು ಸಲ ಕೂಗಿಯಾಗಿತ್ತು:
ಸರ್ವಮಂಗಳಾ ಕೋಂ ಬಕ್ಕೇಶ,
ಸರ್ವಮಂಗಳಾ ಕೋಂ ಬಕ್ಕೇಶ,
ಸರ್ವಮಂಗಳಾ ಕೋಂ ಬಕ್ಕೇಶ.
ಆ ಒಂದು 'ಕೋಂ' ಅಳಿಸಲಿಕ್ಕೇ ಆರು ತಿಂಗಳಿಂದ
ಹದಡಿ ರಸ್ತೆಯಿಂದ ಆಟೋ ಹಿಡಿದು ಬರುತ್ತಿದ್ದೇನೆ ನಾನು.
ಅವನೋ ಅದನ್ನೇ ಒತ್ತಿ ಒತ್ತಿ
ಅರ್ಧ ದಾವಣಗೆರೆಗೆ ಕೇಳಿಸುತ್ತಾನೆ.

ವಕೀಲ ಹಾಲಸ್ವಾಮಿ ಡೈರಿಯಲ್ಲಿ ಗೀಚಿದರು: ಹದಿನೇಳು.
"ಅಷ್ಟರೊಳಗೆ ಆ ಬಾಬ್ತು ಒಂಬತ್ತು ಇತ್ಯರ್ಥ ಮಾಡ್ಕಳಿ ತಾಯಿ."
ಬಾಬ್ತು ಒಂಬತ್ತು, ಐದು ಲೀಟರಿನ ಕುಕ್ಕರು.
ಕುಕ್ಕರು ನನ್ನ ಹತ್ತಿರ,
ಅದರ ವಿಷಲ್ಲು ಬಕ್ಕೇಶನ ಹತ್ತಿರ.
ಮನೆ ಒಡೆದ ದಿನ ಕೈಗೆ ಸಿಕ್ಕಿದ್ದು ಎತ್ತಿಕೊಂಡಿದ್ದೆವು ಇಬ್ಬರೂ.
ಅಂದಿನಿಂದ ಬೇಳೆಯನ್ನು ತಪ್ಪಲೆಯಲ್ಲಿ ಬೇಯಿಸುತ್ತೇನೆ.
ಅವನು ಬರೀ ವಿಷಲ್ಲಿನಲ್ಲಿ ಏನು ಬೇಯಿಸುತ್ತಾನೋ.

ಇಷ್ಟು ಬೇಗ ಮನೆಗೆ ಹೋದರೆ ಚಿಕ್ಕಮ್ಮ "ಏನಾತು" ಅಂತಾಳೆ.
ಬಿಸಿಲು.
ಹಳೇ ಮಿಲ್ಲಿನ ಹಿಂದಿನ ಟಾಕೀಸಿನಲ್ಲಿ ಪೋಸ್ಟರು:
ಬೆನ್ನಿಗೆ ಬೆನ್ನು ಹಚ್ಚಿ ನಿಂತ ಗಂಡ ಹೆಂಡತಿ,
ನಡುವೆ ಕೋರ್ಟಿನ ಫೈಲು, ಮೇಲೆ
'ಹೊಟ್ಟೆ ಹುಣ್ಣಾಗುವಷ್ಟು ನಗು'.
ಹುಣ್ಣು ನನಗೆ ಮೊದಲೇ ಇತ್ತು. ತೊಂಬತ್ತು ರೂಪಾಯಿ ಕೊಟ್ಟೆ.

ಒಳಗೆ ಇಪ್ಪತ್ತು ಜನ ಇದ್ದರೆ ಹೆಚ್ಚು.
ಸಿನಿಮಾದ ಕೋರ್ಟಿನಲ್ಲಿ ಫ್ಯಾನು ತಿರುಗುತ್ತಿತ್ತು,
ಹೂಕುಂಡ ಇತ್ತು, ಜಡ್ಜು ರಜೆ ಹಾಕಿರಲಿಲ್ಲ.
ಅವಳು ತಟ್ಟೆ ಒಡೆದಾಗ ಕಾಲೇಜು ಹುಡುಗರು ಸಿಳ್ಳೆ ಹಾಕಿದರು.
ಅವನು ಹಾಸಿಗೆಯನ್ನು ಗರಗಸದಿಂದ ಕೊಯ್ದಾಗ ಎಲ್ಲರೂ ನಕ್ಕರು.
ನನಗೆ ಬರಲಿಲ್ಲ.
ಆಮೇಲೆ, ಕಟಕಟೆಯಲ್ಲಿ ಕೈಮುಗಿದು
"ಸ್ವಾಮೀ, ಉಪ್ಪಿನಕಾಯಿ ಭರಣಿ ಅವಳಿಗೇ ಇರಲಿ,
ಮುಚ್ಚಳ ಕೊಡಿಸಿ" ಅಂದ.
ಹುಡುಗರಿಗೆ ಅದು ತಮಾಷೆ ಅಂತಲೇ ಹೊಳೆಯಲಿಲ್ಲ.
ನಾನು ನಕ್ಕೆ, ಜೋರಾಗಿ, ಒಬ್ಬಳೇ.
ಒಬ್ಬಳೇ ಅಲ್ಲ.
ನಾಲ್ಕು ಸಾಲು ಮುಂದೆ ಇನ್ನೊಂದು ನಗು,
ಚಳಿಗೆ ನಿಂತ ಸ್ಕೂಟರಿನಂತೆ
ಎರಡು ಸಲ ಕೆಮ್ಮಿ, ಆಮೇಲೆ ಹತ್ತುವ ನಗು.
ಒಂಬತ್ತು ವರ್ಷ ಕೇಳಿದ್ದೇನೆ ಅದನ್ನು,
ಕತ್ತಲಲ್ಲಿ.

ಇಂಟರ್ವಲ್ಲಿನಲ್ಲಿ ಎರಡು ಟೀ ಹಿಡಿದು ನಿಂತಿದ್ದ.
"ನೀ ನಕ್ಕಿದ್ದು ಕೇಳಿಸ್ತು."
ಸಕ್ಕರೆ ಹೆಚ್ಚಾಗಿತ್ತು. ಹೇಳಲಿಲ್ಲ.

ಬಂದು ಪಕ್ಕ ಕೂತ, ನಡುವೆ ಒಂದು ಸೀಟು ಬಿಟ್ಟು.
ಅದರಲ್ಲಿ ನನ್ನ ಫೈಲು ಕೂತಿತು.
ಪರದೆಯ ಮೇಲೆ ಅವನು ಓಡಿದ, ಅವಳು ಓಡಿದಳು,
ಎಲ್ಲಿಂದಲೋ ಮಳೆ ಬಂತು, ಮಳೆಯ ಜೊತೆ
ಹಳದಿ ಲಂಗದ ಎಂಟು ಹುಡುಗಿಯರು ಬಂದರು.
ಕಾಗದ ಹರಿದು ಗಾಳಿಗೆ ತೂರಿ ಒಂದಾದರು.
"ಸುಳ್ಳು" ಅಂದ ಬಕ್ಕೇಶ.
"ಶುದ್ಧ ಸುಳ್ಳು" ಅಂದೆ ನಾನು.
ಪರಸ್ಪರ ಸಮ್ಮತಿ ಅಂತ ಅರ್ಜಿಯಲ್ಲಿ ಬರೆಸಿದ್ದು
ಇದಕ್ಕೇ ಇರಬೇಕು.

ಅಶೋಕ ರಸ್ತೆಯ ಗೇಟು ಬಿದ್ದಿತ್ತು.
ಗೂಡ್ಸು ಮುಗಿಯುವ ಲಕ್ಷಣ ಇರಲಿಲ್ಲ.
ಜೇಬಿನಿಂದ ವಿಷಲ್ಲು ತೆಗೆದ, ಜೊತೆಗೆ ಒಂದು ಚೀಟಿ:
'ಸ್ವೀಕರಿಸಿದ್ದೇನೆ'.
"ಕೋರ್ಟಲ್ಲೇ ಕೊಡಾಣಾಂತ ತಂದಿದ್ದೆ. ಸೈ ಮಾಡು."
ಅವನ ಬೆನ್ನ ಮೇಲೆ ಚೀಟಿ ಇಟ್ಟು ಸೈ ಮಾಡಿದೆ,
ಬೇರೆ ಜಾಗ ಇರಲಿಲ್ಲ.
ವಿಷಲ್ಲು ಬೆಚ್ಚಗಿತ್ತು.
"ನಾಕು ಕೂಗ್ಸು. ಮೂರಕ್ಕೆ ಬೇಳೆ ಬೇಯಂಗಿಲ್ಲ."
"ಮೂರೇ ಸಾಕು. ಕೋರ್ಟಿನಾಗೂ ಮೂರೇ."
ಗೇಟು ಎದ್ದಿತು. ಹಿಂದಿನವರು ಹಾರ್ನು ಹೊಡೆದರು.
ಅವನು ಎತ್ತ ಹೋದನೋ, ನೋಡಬೇಕೆಂದು
ನೆನಪಾಗುವಷ್ಟರಲ್ಲಿ ಆಟೋ ತಿರುಗಿತ್ತು.

ರಾತ್ರಿ ಕುಕ್ಕರು ಇಟ್ಟೆ.
ಒಂದು.
ಎರಡು.
ಮೂರಕ್ಕೆ ಕೈ ಗ್ಯಾಸಿನ ಮೇಲೇ ಇತ್ತು,
ತಿರುಗಿಸಲಿಲ್ಲ.

ಬೇಳೆ ಕರಗಿ ನೀರಾಗಿದೆ.
ನಾನು ಹೇಳಿದ್ದೇ ಸರಿ, ಮೂರೇ ಸಾಕಿತ್ತು.
ಹದಿನೇಳಕ್ಕೆ ಸಿಕ್ಕಾಗ ಹೇಳಬೇಕು ಅವನಿಗೆ,
ಮರೆಯಬಾರದು.