ಬಾಕಿ ಹನ್ನೊಂದು

ರದ್ದಿ ಕಟ್ಟಿನ ಜೊತೆ ಬಂದದ್ದು ಅದು.
ಪೊಟ್ಟಣಕ್ಕೆಂದು ತೂಕದ ಲೆಕ್ಕದಲ್ಲಿ ಕೊಂಡ ಕಾಗದ,
ಬಿಚ್ಚಿದರೆ ಮೇಲಿಂದ ಕೆಳಕ್ಕೆ ಇಳಿಬಿಟ್ಟ ಅಕ್ಷರ,
ಜೋಳದ ದಂಟಿನ ಮೇಲೆ ಇರುವೆ ಸಾಲು ಇಳಿದ ಹಾಗೆ.
ಚೀನಾದ್ದು ಅಂದರು ದಾದಾಪೀರ್ ಸಾಹೇಬರು.
ಜಪಾನಿದ್ದು ಎಂದು ತಿಳಿಯಲು ನನಗೆ ಒಂಬತ್ತು ದಿನ ಬೇಕಾಯಿತು,
ತಿಳಿದ ಮೇಲೆ ಬಿಡಲು ಆಗಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುವವಳು ನಾನು.
ಅಲ್ಲಿಯ ಮಕ್ಕಳು ಶಾಲೆ ಮುಗಿಸುವುದರೊಳಗೆ ಕಲಿಯುವುದು
ಎರಡು ಸಾವಿರದ ನೂರ ಮೂವತ್ತಾರಂತೆ.
ದಿನಕ್ಕೆ ಇಪ್ಪತ್ತೈದು ಹಿಡಿದರೆ
ಎಂಬತ್ತೈದು ದಿನಕ್ಕೆ ಬಾಕಿ ಹನ್ನೊಂದು.
ಖಾತೆ ಪುಸ್ತಕದ ಹಿಂಬದಿಯಿಂದ ಶುರು ಮಾಡಿದೆ.
ಮುಂಬದಿಯಿಂದ ಭತ್ತ, ಹೊಟ್ಟು, ಉಪ್ಪು, ಕೂಲಿ.

ಮೊದಲು ಕೈ ಕೇಳಲಿಲ್ಲ.
ದುಂಡಗೆ ಸುತ್ತಿ, ತಲೆಕಟ್ಟು ಕಟ್ಟಿ, ಒತ್ತು ತಗುಲಿಸಿ
ಮೂವತ್ತು ವರ್ಷ ಬರೆದ ಕೈ.
ಬಾಯಿ ಅಂದರೆ ಅವರಿಗೆ ಒಂದು ಚೌಕ,
ಅದನ್ನೂ ಒಂದೇ ಉಸಿರಿಗೆ ಎಳೆಯುವಂತಿಲ್ಲ:
ಎಡಗೋಡೆ, ಆಮೇಲೆ ಮಾಳಿಗೆಯಿಂದ ಬಲಕ್ಕೆ ಇಳಿತ,
ಕೊನೆಗೆ ನೆಲ.
ನನ್ನದು ಗೋಲಿಯಾಗಿ ಉರುಳುತ್ತಿತ್ತು.
ಅಳಿಸಿ ಅಳಿಸಿ ಹಾಳೆ ತೂತು ಬಿತ್ತು,
ತೂತು ಸರಿಯಾಗಿ ಬಾಯಿಯಂತೆಯೇ ಇತ್ತು.

ರಾತ್ರಿ ಇಪ್ಪತ್ತೈದು ಜಮಾ,
ಬೆಳಗ್ಗೆ ಎದ್ದರೆ ಹದಿನಾಲ್ಕು ಖರ್ಚು.
ನೆನಪಿಗೆ ಗೂಟ ಬೇಕು, ಗೂಟಕ್ಕೆ
ಈ ಊರು ಬಿಟ್ಟು ಎಲ್ಲಿಗೆ ಹೋಗಲಿ?
ಮರಕ್ಕೆ ಒರಗಿದ ಮನುಷ್ಯ, ವಿಶ್ರಾಂತಿ:
ಹಮಾಲಿ ಕೊಟ್ರಪ್ಪ, ಎಪಿಎಂಸಿ ಗೇಟಿನ ಹೊಂಗೆ, ಮಧ್ಯಾಹ್ನ ಎರಡೂವರೆ.
ಬೆಂಕಿ, ಪಡುವಣ, ಅದರ ಕೆಳಗೆ ಮಣ್ಣು, ಸೇರಿದರೆ ಹೊಗೆ.
ಇದಕ್ಕೆ ಗೂಟವೂ ಬೇಡ. ಸಂಜೆ ಗಾಳಿ ತಿರುಗಿದರೆ
ನಮ್ಮ ಬೀದಿ ತಾನೇ ಅದನ್ನು ಬರೆದು
ಒಣಹಾಕಿದ ಬಟ್ಟೆಯ ಮೇಲೆಲ್ಲ ತಿದ್ದುತ್ತದೆ.

ಸೂರಿನ ಕೆಳಗೆ ಹೆಣ್ಣು: ನೆಮ್ಮದಿ.
ನಲವತ್ತೊಂದನೆಯ ದಿನ ಬಂತು ಇದು.
ತಗಡಿನ ಸೂರಿನ ಕೆಳಗೆ ಖೈರುನ್ನಿಸಾ
ಕಾದ ಮರಳಲ್ಲಿ ಅಕ್ಕಿ ಆಡಿಸುತ್ತಿದ್ದಳು,
ಕುತ್ತಿಗೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.
ನೆಮ್ಮದಿಯೇ? ಪೆನ್ಸಿಲು ನಿಂತಿತು.
ಪುಸ್ತಕದಲ್ಲಿ ಕೆಳಗೆ, ಸಣ್ಣಗೆ, ಎರಡನೆಯ ಅರ್ಥ: ಅಗ್ಗ.
ಆಗ ನಾಟಿತು.

ಅಕ್ಕಿಗೆ ಒಂದು ಅಡ್ಡ ಗೀಟು, ಒಂದು ಉದ್ದ ಗೀಟು,
ನಾಲ್ಕು ಮೂಲೆಗೆ ನಾಲ್ಕು ಸಿಡಿತ.
ಮಸಿಯಲ್ಲಿ ಬೆರಳದ್ದಿ ತಗಡಿನ ಮೇಲೆ ಬರೆದು ನೋಡುತ್ತಿದ್ದೆ.
ಯಾವ ಅಕ್ಷರವೂ ಓದಬಾರದ ಖೈರುನ್ನಿಸಾ
ಜರಡಿ ಕೆಳಗಿಟ್ಟು ಬಂದಳು:
“ಏನ್ ಲೆಕ್ಕದಕ್ಕ, ಮಂಡಕ್ಕಿ ಸಿಡಿಯಾದು ಬರ್ದೀಯಲ್ಲ!”
ನನಗೆ ಮೂರು ದಿನ ಹಿಡಿದಿತ್ತು.

ಅವಸರ ನನ್ನದು. ಅರ್ಥ ಮಾತ್ರ ಹಿಡಿದೆ,
ಉಚ್ಚಾರ ಆಮೇಲೆ ಎಂದು ಬಿಟ್ಟೆ.
ಹಾಗಾಗಿ ಒಂದಕ್ಕೂ ದನಿಯಿಲ್ಲ.
ಬಸ್ಸಿನಲ್ಲಿ ದಿನವೂ ಮುಖ ನೋಡಿ
ಹೆಸರು ಕೇಳದೆ ಉಳಿದವರ ಹಾಗೆ
ಎರಡು ಸಾವಿರ ಮಂದಿ ತಲೆಯೊಳಗೆ ಸುಮ್ಮನೆ ಕೂತಿದ್ದಾರೆ.

ಎಂಬತ್ತೈದನೆಯ ರಾತ್ರಿ ಆ ಮೊದಲ ಹಾಳೆ ತೆಗೆದೆ.
ಹನ್ನೊಂದು ಬಾಕಿ ಇದ್ದವು, ಇರಲಿ ಅಂದುಕೊಂಡೆ.
ಒಂದು ವಾಕ್ಯವೂ ಬಿಚ್ಚಲಿಲ್ಲ.
ನನ್ನ ಚೌಕಗಳ ನಡುನಡುವೆ ಬೇರೆಯವು,
ಬಳುಕಿದವು, ದುಂಡಗಿನವು, ನಮ್ಮ ಕಡೆಯವರಂತೆ ಕಾಣುವವು.
ಅವುಗಳನ್ನು ಮೊದಲು ಕಲಿಯಬೇಕಿತ್ತಂತೆ.
ಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ ಮಾತ್ರ
ಬೆಳಕು, ದಿನ. ಎರಡೂ ಸೇರಿದರೆ ನಾಳೆ.
ಪಕ್ಕದಲ್ಲಿ ಮಳೆ.
ಯಾವ ಊರಿನದೋ, ಯಾವತ್ತೋ ಮುಗಿದ ನಾಳೆ,
ಅಲ್ಲಿಯವರು ಕೊಡೆ ಹಿಡಿದು ಹೋಗಿ
ಮನೆಗೆ ಬಂದು ಕೊಡೆ ಒಣಗಿಸಿಯೂ ಆಗಿದೆ.

ಬೆಳಗ್ಗೆ ಗಾಡಿಯ ಹುಡುಗ ಕಾಗದ ಕೇಳಿದ.
ನಾಳೆಯಿದ್ದ ಹಾಳೆ ಕೆಳಗೆ ಸರಿಸಿ ಬೇರೆ ಕೊಟ್ಟೆ.
ಅವನು ಶೇಂಗಾ, ಈರುಳ್ಳಿ, ಖಾರ ಕಲಸಿ ಸುತ್ತುವಾಗ
ಒಂದು ಸಮುದ್ರ ಮಡಿಸಿಕೊಂಡು
ಎಣ್ಣೆ ಹತ್ತುವುದು ಕಂಡಿತು.