ಅರ್ಧ ಮಾತ್ರೆ

ಬೀಡಿ ಇಲ್ಲ, ಬರ್ಕಳಿ. ಕುಡಿತ ಇಲ್ಲ.
ಸಕ್ಕರೆ ಇಲ್ಲ. ಅವರಪ್ಪ ತೊಂಬತ್ತು ದಾಟಿ
ಬಿಸಿಲಲ್ಲಿ ಗೂಡು ಆರಿಸ್ತಾ ಕೂತಲ್ಲೇ ಹೋದ್ರು.
ಇನ್ನೇನು ಕಾಲಂ ಐತೆ ನಿಮ್ಮ ಹಾಳೇಲಿ?
ಅನುಮಾನ ಅಂತ ಒಂದು ಐತಾ?

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ಕೇಳಿ ನೋಡಿ,
ತೂಕ ಆದ ಲಾಟು ಮೂರು ಸಲ ತೂಗಿಸೋರು
ನಮ್ಮೋರೊಬ್ಬರೇ.
ತಕ್ಕಡಿ ಹೋಗಿ ಕರೆಂಟಿನ ಮಿಷನ್ನು ಬಂದ ದಿನ
ಅದರ ತಂತಿ ಎಲ್ಲಿಗೆ ಹೋಗ್ತದೆ ಅಂತ
ಗೋಡೆ ಹಿಂದಕ್ಕೆ ಹೋಗಿ ನೋಡಿ ಬಂದ್ರು.

ಮನೇಲಿ ಮುದ್ದೆ ಮುರಿದ್ರೆ ಮೊದಲ ತುತ್ತು ನಂದು.
ಬಸ್ಸಾರಿನ ಮೊದಲ ಗುಟುಕು ನಂದು.
ಹೆಂಡ್ತಿ ಉಂಡ ಮೇಲೇ ಉಣ್ತಾನೆ, ಎಂಥಾ ಪ್ರೀತಿ,
ಅಂದ್ಕೊಂಡ್ರು ನೋಡಿದೋರು.
ಮೂವತ್ತೊಂದು ವರ್ಷದಲ್ಲಿ
ಒಂದೊಂದಿನ ನಾನೂ ಹಂಗೇ ಅಂದ್ಕೊಂಡೆ.

ರಾತ್ರಿ ಎರಡಕ್ಕೆ, ನಾಲ್ಕಕ್ಕೆ, ಎದ್ದು ಹೋಗಿ ಚಿಲಕ ಮುಟ್ಟೋರು.
ಕತ್ತಲಲ್ಲಿ ಅವರ ಎದೆ ಬಡಿಯೋದು
ಮಗ್ಗುಲಲ್ಲಿದ್ದ ನಂಗೂ ಕೇಳೋದು,
ಯಾರೋ ಬಾಗಿಲು ತಟ್ಟಿದಂಗೆ.
ಅವರಿಗೂ ಹಂಗೇ ಕೇಳ್ತಿತ್ತೇನೋ,
ಮತ್ತೆ ಎದ್ದು ಹೋಗೋರು.

ನಿನ್ನೆ ಬೆಳಗಿನ ಜಾವ ಎದೆ ಹಿಡ್ಕೊಂಡು ಕೂತ್ರು.
ಬೆವರು ಅಂದ್ರೆ ಬೆವರು,
ಬಿಸಿನೀರಿನ ತೊಟ್ಟಿಯಿಂದ ತೆಗೆದ ಗೂಡಿನಂಗೆ.
ಪಕ್ಕದ ಮನೆ ನರ್ಸು ಸುಬೇದಾ ಓಡಿ ಬಂದು
ನಾಲಿಗೆ ಕೆಳಗಿಡಿ ಅಂತ ಸಣ್ಣ ಮಾತ್ರೆ ಕೊಟ್ಟಳು.
ಬಾಯಿ ಬಿಡ್ಲಿಲ್ಲ.
ಹಲ್ಲಿನ ಸಂದೀಲೇ ಕೇಳಿದ್ರು ನನ್ನ:
ಎಷ್ಟು ಕೊಟ್ರು ನಿಂಗೆ?

ಉಗುರಲ್ಲಿ ಮಾತ್ರೆ ಎರಡು ಮಾಡಿ
ಅರ್ಧ ನಾನಿಟ್ಕೊಂಡೆ. ನಾಲಿಗೆ ಎತ್ತಿ ತೋರಿಸ್ದೆ.
ಕಾದ್ರು,
ನಾನು ಸಾಯ್ತೀನಾ ಅಂತ.
ತಡ ಆದಷ್ಟೂ ಹೃದಯದ ಮಾಂಸ ಸಾಯ್ತದೆ ಅಂದ್ರಲ್ಲ ಈಗ,
ಹತ್ತು ನಿಮಿಷ ಅಲ್ಲೋಯ್ತು, ಬರ್ಕಳಿ.
ಆಮೇಲೆ ಬಾಯಿ ತೆಗೆದ್ರು. ಮಗು ಥರ.

ಈ ಕೋಲಾರಕ್ಕೆ ಬರೋ ದಾರೀಲಿ
ಆಂಬುಲೆನ್ಸಿನ ನಂಬರು ಎರಡು ಸಲ ಕೇಳಿದ್ರು.
ಮೂರು ನಾಳ ಕಟ್ಟೈತೆ ಅಂತ ಟೀವೀಲಿ ತೋರಿಸಿದ್ರಿ ನೀವು.
ಸಿಕ್ಕಾದ ಎಳೆ ನಾನೆಷ್ಟು ಬಿಡಿಸಿಲ್ಲ,
ಎಳೀಬಾರ್ದು, ಅಷ್ಟೇ.
ಎಳೀದೇ ಇದ್ದೆ, ಡಾಕ್ಟ್ರೇ, ಮೂವತ್ತೊಂದು ವರ್ಷ.
ಅನುಮಾನ ಎದೆಗೆ ಇಳೀತದಾ,
ಇಳೀತದೆ ಅಂತ ನಿಮ್ಮ ಪುಸ್ತಕದಲ್ಲಿ ಐತಾ?

ಎಲ್ಲಿ ರುಜು ಹಾಕ್ಲಿ? ಇಲ್ಲಾ?
ಸ್ಪ್ರಿಂಗು ಇಡೋ ವಿಷಯ ಅವರಿಗೆ ನೀವೇ ಹೇಳಿ.
ತಂತಿ ಎಲ್ಲಿಗೆ ಹೋಗ್ತದೆ ಅಂತ ಕೇಳ್ತಾರೆ,
ಸಿಟ್ಟಾಗ್ಬೇಡಿ, ತೋರಿಸಿಬಿಡಿ.

ನಂಗಾ? ನಂಗೇನಿಲ್ಲ.
ನಿನ್ನೆಯಿಂದ ತಲೆ ಸಿಡೀತೈತೆ.
ಆ ಅರ್ಧ ಮಾತ್ರೇದು ಅಂದಳು ಸುಬೇದಾ.